ಪೆಪ್ಪರ್‌ಮಿಂಟ್ ಕರಗುವವರೆಗೆ

ಈ ಸಭೆಯ ಮಾನ್ಯ ಅಧ್ಯಕ್ಷರೇ, ತಲೆ ನರೆತ ನಮ್ಮನ್ನು ಮತ್ತೆ ಬೆಂಚಿನ ಮೇಲೆ ಕೂರಿಸಿದ ಗುರುಗಳಾದ ಮೇಡಂ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಪ್ರಮಾಣಪತ್ರಕ್ಕಾಗಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಂದಿರುವ ಹಳ್ಳಿ-ಪೇಟೆಗಳ ವೈದ್ಯಮಿತ್ರರೇ, ಮತ್ತು ಭಾಷಣ ಬೇಗ ಮುಗಿಯಲಿ ಎಂದು ಆಗಲೇ ಹಾರೈಸುತ್ತಿರುವ ಸಭಿಕರೇ,

ಶಿಬಿರಾರ್ಥಿಗಳ ಪರವಾಗಿ ಎರಡು ಮಾತಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ನನ್ನನ್ನು ಬಲ್ಲವರು ಈಗಾಗಲೇ ನಗುತ್ತಿದ್ದಾರೆ. ನಮ್ಮ ಪೇಟೆಯಲ್ಲಿ ನನಗೆ ರೇಡಿಯೋ ಡಾಕ್ಟರ್ ಎಂದೇ ಹೆಸರು. ರೋಗಿ ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಅವರ ಕಾಯಿಲೆಯನ್ನು ಅವರಿಗೇ ವಿವರಿಸತೊಡಗುವುದು ನನ್ನ ಪದ್ಧತಿ. ಹೊರಗೆ ಬೆಂಚಿನ ತುಂಬ ಜನ ಕೆಮ್ಮುತ್ತ ಕೂತಿದ್ದರೆ ಇನ್ನೇನು ಮಾಡಲಿ ಹೇಳಿ?

ಕ್ಲಿನಿಕ್ ನಡೆಸುತ್ತಲೇ ತಿಂಗಳುಗಟ್ಟಲೆ ವಾರಕ್ಕೊಮ್ಮೆ ಬಂದು ನಾವು ಇಲ್ಲಿ ಕಲಿತದ್ದು ಉಪಶಾಮಕ ಆರೈಕೆ. ಗುಣವಾಗದ ಕಾಯಿಲೆಯವರ ನೋವು ಇಳಿಸಿ, ಅವರಿಗೆ ಉಳಿದಿರುವ ದಿನಗಳನ್ನು ಅವರ ಕೈಗೇ ಕೊಡುವ ವಿದ್ಯೆ. ಮಾರ್ಫಿನ್ ಎಷ್ಟು, ಯಾವಾಗ, ನೋವು ಮರಳುವ ಮುಂಚೆಯೇ ಯಾಕೆ ಎಂಬುದನ್ನೆಲ್ಲ ಕಲಿತೆವು. ಮಾರ್ಫಿನ್ ಬರೆದು, ಅದು ತರುವ ಮಲಬದ್ಧತೆಗೆ ಔಷಧಿ ಬರೆಯಲು ಮರೆತವನ ಕಡೆ ಮೇಡಂ ಹೇಗೆ ನೋಡುತ್ತಾರೆ ಎಂಬುದನ್ನೂ ಕಲಿತೆವು. ಆದರೆ ನಾನು ಫೇಲಾದದ್ದು ಔಷಧಿಯಲ್ಲಿ ಅಲ್ಲ, ಒಂದು ಪ್ರಶ್ನೆಯಲ್ಲಿ.

ಮೊದಲ ದಿನ ಒಬ್ಬ ಮಿತ್ರರು ರೋಗಿಯಾಗಿ ಮೇಜಿನ ಮೇಲೆ ಮಲಗಿದರು. ನಾನು ಪಕ್ಕದಲ್ಲಿ ಕೂತು ಕೇಳಬೇಕಾದದ್ದು ಇಷ್ಟೇ: "ನಿಮಗೇನು ಬೇಕು?" ಕೇಳಿದೆ. ಅದೇ ಉಸಿರಿನಲ್ಲಿ, "ಗ್ಲೂಕೋಸ್ ಹಾಕಿಸೋಣ, ಅಲ್ವಾ?" ಎಂದೂ ಸೇರಿಸಿದೆ. ರೋಗಿ ಎದ್ದು ಕೂತು, "ನಾನಿನ್ನೂ ಬಾಯೇ ಬಿಟ್ಟಿಲ್ವಲ್ಲ ಸಾರ್!" ಎಂದರು. ಮೇಡಂ ತಮ್ಮ ಚೀಲದಿಂದ ಒಂದು ಪೆಪ್ಪರ್‌ಮಿಂಟ್ ತೆಗೆದುಕೊಟ್ಟರು. "ಪ್ರಶ್ನೆ ಕೇಳಿ, ಇದನ್ನ ಬಾಯಿಗೆ ಹಾಕ್ಕೊಳ್ಳಿ. ಕರಗೋವರೆಗೂ ನಿಮ್ಮ ಮಾತು ಬಂದ್. ಕಡಿಯೋ ಹಾಗಿಲ್ಲ."

ನಾನು ಕಡಿದೆ. ಕಟಕ್ಕೆಂದ ಸದ್ದು ಕೊನೆಯ ಬೆಂಚಿಗೂ ಕೇಳಿಸಿತು. ಮೇಡಂ ಇನ್ನೊಂದು ಕೊಟ್ಟರು. ಸಭಿಕರೇ, ಬಾಯಿಮುಚ್ಚಿಕೊಂಡು ಕೂತವನಿಗೆ ಒಂದು ಪೆಪ್ಪರ್‌ಮಿಂಟ್ ಎಷ್ಟು ದೊಡ್ಡದು ಎಂದು ನಿಮಗೆ ಗೊತ್ತೇ? ನನಗೂ ಗೊತ್ತಿರಲಿಲ್ಲ.

ಆಗ ನಮ್ಮ ಮನೆಯಲ್ಲಿ ಅತ್ತಿಗೆ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದರು. ಅತ್ತಿಗೆ ಎಂದರೆ ಅಣ್ಣನ ಹೆಂಡತಿ ಎಂದಷ್ಟೇ ತಿಳಿಯಬೇಡಿ. ತಾಯಿಯಿಲ್ಲದ ನನ್ನನ್ನು ಬೆಳೆಸಿದವರು ಅವರು. ನನ್ನ ಕ್ಲಿನಿಕ್ಕಿನ ಎದುರಿಗೇ ನಮ್ಮ ಮನೆ, ಅದರ ಮುಂಭಾಗದಲ್ಲೇ ಅವರ ಹೊಲಿಗೆ ಅಂಗಡಿ. ಕಾಲೇಜಿಗೆ ಹೊರಟಾಗ ನನ್ನ ಮೊದಲ ಬಿಳಿ ಕೋಟು ಹೊಲಿದು, "ಇದಕ್ಕೆ ತಕ್ಕಷ್ಟು ಬೆಳಿ" ಎಂದಿದ್ದರು. ಕೋಟಿನ ತೋಳು ಆಗ ನನ್ನ ಬೆರಳ ತುದಿಯವರೆಗೆ ಇತ್ತು.

ಅವರ ಕಾಯಿಲೆ ಬೆನ್ನಿನ ಮೂಳೆಗೆ ಇಳಿದಿತ್ತು. ದೂರದ ದೊಡ್ಡ ಆಸ್ಪತ್ರೆಗೆ ಸೇರಿಸೋಣ ಎಂದು ಅಣ್ಣ ಪಟ್ಟುಹಿಡಿದ. ನಾನು ಅವನಿಗಿಂತ ಜೋರಾಗಿ ಹಿಡಿದೆ. ಅವರನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ, ಅಷ್ಟೇ. ಕ್ಷಮಿಸಿ, ಇದನ್ನು ಹೇಳಬೇಕೆಂದು ಬರೆದುಕೊಂಡಿರಲಿಲ್ಲ.

ಆ್ಯಂಬುಲೆನ್ಸ್‌ಗೆ ಹೇಳಿ ಆಗಿತ್ತು. ಆ ಮಧ್ಯಾಹ್ನ ನಾನು ಅವರ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. "ಅತ್ತಿಗೆ, ನಿಮಗೇನು ಬೇಕು?" ಎಂದು ಕೇಳಿ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡೆ. ಅವರು ಸೂರು ನೋಡಿದರು. ನಾನು ಕಡಿಯಲಿಲ್ಲ. ಕಣ್ಣಲ್ಲಿ ನೀರು ಬಂತು. ಪೆಪ್ಪರ್‌ಮಿಂಟ್ ಬಹಳ ಖಾರವಿತ್ತು. ಅದು ಇನ್ನೇನು ಕರಗಬೇಕು, ಆಗ ಬಾಯಿಬಿಟ್ಟರು.

"ಅಂಗಡೀಲಿ ಕತ್ತರಿಸಿಟ್ಟ ಬಟ್ಟೆ ರಾಶಿ ಬಿದ್ದಿದೆ ಕಣೋ. ಹೊಲೀದೆ ಬಿಟ್ರೆ ಅದು ಯಾರಿಗೂ ಅಂಗಿ ಅಲ್ಲ, ಬರೀ ಚಿಂದಿ. ಜನ ನಂಬಿ ಕೊಟ್ಟಿರೋದು. ಅದನ್ನ ಮುಗಿಸ್ಬೇಕು. ಆಸ್ಪತ್ರೆ ಬೇಡ. ನೋವು ಇಳಿಸು, ಮಿಷನ್ ಮುಂದೆ ಕೂರಿಸು." ಆಮೇಲೆ ನನ್ನ ಮುಖ ನೋಡಿ, "ನೀನು ಇಷ್ಟು ಹೊತ್ತು ಸುಮ್ನೆ ಕೂತಿದ್ದನ್ನ ನಾನು ಈ ಜನ್ಮದಲ್ಲಿ ನೋಡಿರ್ಲಿಲ್ಲ. ಹುಷಾರಾಗಿದ್ದೀಯ ತಾನೇ?" ಎಂದು ಕೇಳಿದರು.

ಆ್ಯಂಬುಲೆನ್ಸ್ ಬೇಡವೆಂದು ಹೇಳಿದೆ. ಅಣ್ಣ ನನ್ನ ಜೊತೆ ಮಾತು ಬಿಟ್ಟ. ಮಾರ್ಫಿನ್ ಇಡಲು ಅನುಮತಿ ಪಡೆದ ನಮ್ಮ ಪೇಟೆಯ ಮೊದಲ ಕ್ಲಿನಿಕ್ ನನ್ನದು. ಅದರ ಮೊದಲ ಔಷಧಿ ಹೋದದ್ದು ರಸ್ತೆ ದಾಟಿ ಎದುರು ಮನೆಗೆ. ಕುಡಿಯುವ ಔಷಧಿ, ಹೊತ್ತು ಹೊತ್ತಿಗೆ, ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ. ಒಂದು ಬೆಳಿಗ್ಗೆ ರೋಗಿಯೊಬ್ಬರ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೂತಿದ್ದೆ. ರಸ್ತೆಯ ಆಚೆಯಿಂದ ಹೊಲಿಗೆ ಮಿಷನ್ನಿನ ಸದ್ದು ಕೇಳಿಸಿತು. ಆ ರೋಗಿಯ ಎದೆಬಡಿತ ನನಗೆ ಕೇಳಿಸಲೇ ಇಲ್ಲ. ಅಣ್ಣ ಓಡಿಬಂದು ಬಾಗಿಲಲ್ಲಿ ನಿಂತು, "ಕೇಳಿಸ್ತೇನೋ?" ಎಂದ. ನಾವು ಗೆದ್ದಿದ್ದೇವೆ, ಸಭಿಕರೇ! ಕಾಯಿಲೆ ಗುಣವಾಗಿಲ್ಲ, ಆಗುವುದೂ ಇಲ್ಲ. ಇದನ್ನು ಅವರ ಎದುರಿಗೇ ಹೇಳುತ್ತಿದ್ದೇನೆ, ಹೇಳು ಎಂದವರೂ ಅವರೇ. ಆದರೂ ನಾವು ಗೆದ್ದಿದ್ದೇವೆ.

ಹೋದ ವಾರ ಆ ರಾಶಿಯ ಕೊನೆಯ ಅಂಗಿಗೆ ಗುಂಡಿ ಬಿತ್ತು. ಮುಗಿಸಬೇಕು ಅಂದಿದ್ದರಲ್ಲ, ಮುಗಿಯಿತಲ್ಲ, ಇನ್ನು ಯಾವುದಕ್ಕಾಗಿ ಏಳುತ್ತಾರೆ! ಮರುದಿನ ಔಷಧಿ ಹಿಡಿದು ಅಂಜುತ್ತಲೇ ಹೋದೆ. ಅವರು ಮೇಜಿನ ಮೇಲೆ ಹೊಸ ಬಿಳಿ ಬಟ್ಟೆ ಹರಡಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಕತ್ತರಿ ಆಡಿಸುತ್ತಿದ್ದರು. "ಭಾಷಣಕ್ಕೆ ಆ ಹಳೇ ಕೋಟು ಹಾಕ್ಕೊಂಡು ಹೋಗಿ ನನ್ನ ಮಾನ ಕಳೀಬೇಡ" ಎಂದರು.

ನಾನು ಈಗ ತೊಟ್ಟಿರುವುದು ಆ ಹೊಸ ಕೋಟು. ತೋಳು ಸರಿಯಾಗಿದೆ. ಎಡಗಡೆ ಒಂದು ಪುಟ್ಟ ಜೇಬು ಹೆಚ್ಚಿಗೆ ಇಟ್ಟಿದ್ದಾರೆ. ಯಾತಕ್ಕೆಂದು ನಾನು ಹೇಳಬೇಕಾಗಿಲ್ಲ.

ಮೇಡಂ, ನಿಮಗೆ ನಮ್ಮೆಲ್ಲರ ವಂದನೆ. ಮಿತ್ರರೇ, ನಾಳೆ ನಿಮ್ಮ ನಿಮ್ಮ ಕ್ಲಿನಿಕ್ಕಿಗೆ ಹೋಗಿ ಬಾಗಿಲು ತೆರೆಯಿರಿ, ಕುರ್ಚಿ ಎಳೆದುಕೊಳ್ಳಿ. ತಾಳ್ಮೆಯಿಂದ ಕೇಳಿಸಿಕೊಂಡ ಸಭಿಕರಿಗೆಲ್ಲ ಹೃತ್ಪೂರ್ವಕ ನಮಸ್ಕಾರ. ಮುಂದಿನ ಸಾಲಿನಲ್ಲಿ ದಿಂಬಿಗೊರಗಿ ಕೂತು, ಸಾಕು ಮಾಡು ಎಂದು ಆಗಿನಿಂದ ಕೈಸನ್ನೆ ಮಾಡುತ್ತಿರುವವರು ನಮ್ಮ ಅತ್ತಿಗೆ. ಮೈಕನ್ನು ದಯವಿಟ್ಟು ಅವರ ಹತ್ತಿರ ಕೊಂಡೊಯ್ಯಿರಿ.

ಅತ್ತಿಗೆ, ಇವತ್ತು ನಿಮಗೇನು ಬೇಕು? ನಿಧಾನವಾಗಿ ಹೇಳಿ. ಇಗೋ, ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡೆ.