ಟಿವಿ ಕಾಯುವ ಪ್ಯಾಡು

ದುಬೈಯ ದೇರಾದಲ್ಲಿ, ಊರಿಗೆ ಸಾಮಾನು ಕಳಿಸುವ ಕಾರ್ಗೋ ಅಂಗಡಿಯ ಕ್ಯೂನಲ್ಲಿ ನನ್ನ ಮುಂದೆ ಉಡುಪಿ ಕಡೆಯ ಗಂಡ ಹೆಂಡತಿ. ಗಂಡನ ಕೆಲಸ ಖಲಾಸ್, ಹಿಂದೆಯೇ ಹೆಂಡತಿ ಮತ್ತು ಮಗಳು ನಿಸರ್ಗಳ ವೀಸಾವೂ ಖಲಾಸ್.

"ಟಿವಿಗೆ ಸುತ್ತಿದ್ದು ನಿಸರ್ಗಳ ಗೋಲ್‌ಕೀಪರ್ ಪ್ಯಾಡಲ್ವಾ?" ಎಂದಳು ಹೆಂಡತಿ.

"ಹೌದು. ಐಸ್ ಹಾಕಿಯಲ್ಲಿ ಅಷ್ಟು ಪೆಟ್ಟು ತಡೆದದ್ದು, ಟಿವಿಯನ್ನೂ ಕಾಯ್ತದೆ."

"ಮುಂದಿನ ತಿಂಗಳು ಫಿನ್‌ಲೆಂಡಿನ ಕ್ಲಬ್‌ನವರು ಅವಳ ಆಟ ನೋಡ್ಲಿಕ್ಕೇ ಅಬುಧಾಬಿಗೆ ಬರ್ತಾರೆ. ಸಂಬಳ ಕೊಟ್ಟು ಆಡಿಸ್ತಾರಂತೆ."

"ಬರ್ಲಿ. ನಾವಿರುದಿಲ್ಲ."

"ಊರಲ್ಲಿ ಐಸ್ ಎಲ್ಲುಂಟು ಮಾರಾಯ್ರೆ?"

"ಮಲ್ಪೆಯಲ್ಲಿ ಬೇಕಾದಷ್ಟುಂಟು, ಮೀನಿನ ಮೇಲೆ."

"ತಮಾಷೆ ಸಾಕು. ಪ್ಯಾಡ್ ಬಿಚ್ಚಿ. ಅವಳು ನೋಡಿದ್ರೆ ಅಳ್ತಾಳೆ."

"ಕಟ್ಟಿದ್ದೇ ಅವಳು."

ಕ್ಯೂ ಸರಿಯಿತು. ಹೆಂಡತಿ ಆ ಗಂಟಿನ ಮೇಲೊಮ್ಮೆ ಕೈಯಾಡಿಸಿ, ಟಿವಿಯನ್ನು ತಕ್ಕಡಿಯತ್ತ ತಳ್ಳಿಕೊಂಡು ಹೋದಳು.