ಎಸ್ಕೊ ಕೇಳಿದ್ದ ಮಾತು

ಇದು ನಮ್ಮ ಪಕ್ಕದ ಮನೆಯ ಔಲಿಸ್‌ಗೆ ಆದದ್ದು. ಬೇಕಾದರೆ ಅವನನ್ನೇ ಕೇಳಿ, ತಲೆ ತಗ್ಗಿಸುತ್ತಾನೆ. ನಮ್ಮ ಫಿನ್ಲೆಂಡಿನಲ್ಲಿ ಸತ್ತವರ ಗೋರಿಗೆಲ್ಲ ದೀಪ ಹಚ್ಚುವ ಹಬ್ಬದ ರಾತ್ರಿ, ಅವನು ಒಬ್ಬನೇ ಚರ್ಚಿನಿಂದ ಮನೆಗೆ ನಡೆದು ಬರುತ್ತಿದ್ದ. ಎಲ್ಲ ಗೋರಿಗಳ ಮೇಲೂ ಮೇಣದಬತ್ತಿ ಉರಿಯುತ್ತಿತ್ತು... ಗೆಳೆಯ ಎಸ್ಕೊನದರ ಮೇಲೆ ಮಾತ್ರ ಇಲ್ಲ. ಎಸ್ಕೊನ ಹೆಂಡತಿ ಸಿರ್ಕಾಗೆ ಸತ್ತ ಗಂಡನ ಮೇಲೆ ಅಷ್ಟು ಸಿಟ್ಟು.

ಆ ಸಿಟ್ಟು ಹುಟ್ಟಿಸಿದವನು ಔಲಿಸನೇ. ಹಿಂದಿನ ಚಳಿಗಾಲ ಕುಡಿದು ಕಾರು ಓಡಿಸಿ ಮರಕ್ಕೆ ಗುದ್ದಿದ್ದ. ಪಕ್ಕದಲ್ಲಿದ್ದ ಎಸ್ಕೊನ ಮೈಮೇಲೆ ಒಂದು ಗೀರೂ ಇರಲಿಲ್ಲ. ತುಟಿ ಬಿಳಿಚಿತ್ತು, ಗಡಗಡ ನಡುಗುತ್ತಿದ್ದ, ಅಷ್ಟೆ. ಆಂಬುಲೆನ್ಸ್ ಕರೆದರೆ ಪೊಲೀಸರೂ ಬರುತ್ತಾರಲ್ಲ... ಬೆಚ್ಚಗಾದರೆ ಸರಿಹೋಗುತ್ತಾನೆ ಎಂದು ತನ್ನ ಸೌನಾದಲ್ಲಿ, ಕಾದಿದ್ದ ಹಬೆಸ್ನಾನದ ಕೋಣೆಯಲ್ಲಿ, ಕೂರಿಸಿದ. ಎಸ್ಕೊ ಹಲಗೆಯ ಮೇಲೆ ಕೂತಲ್ಲೇ ಹೋದ. ಔಲಿಸ್ ಸುದ್ದಿ ಕೊಟ್ಟದ್ದು ಅಮಲು ಇಳಿದ ಮೇಲೆ. ಪಕ್ಕೆಲುಬು ಮುರಿದು ಗುಲ್ಮ ಹರಿದಿತ್ತು, ಹೊಟ್ಟೆ ತುಂಬ ರಕ್ತ, ಬೇಗ ತಂದಿದ್ದರೆ ಉಳಿಯುತ್ತಿದ್ದ ಎಂದರು ಡಾಕ್ಟರು. "ಆಸ್ಪತ್ರೆಗೆ ಬಾರೋ ಅಂತ ಎಷ್ಟು ಗೋಗರೆದೆ... ಅವನೇ ಹಟ ಹಿಡಿದ," ಎಂದು ಔಲಿಸ್ ಸಿರ್ಕಾಗೆ ಹೇಳಿಬಿಟ್ಟ.

ಈಗ, ಹಬ್ಬದ ರಾತ್ರಿ, ಔಲಿಸ್ ತನ್ನ ಅಂಗಳದ ಬಾವಿ ದಾಟಿದ. ಬೀಗ ಹಾಕಿದ್ದ ಸೌನಾದೊಳಗೆ... ಚುಸ್ಸ್... ಕಾದ ಕಲ್ಲಿಗೆ ನೀರು ಬಿದ್ದ ಸದ್ದು. ಎಸ್ಕೊ ಹೋದ ಮೇಲೆ ಅಲ್ಲಿ ಒಲೆಯನ್ನೇ ಹೊತ್ತಿಸಿಲ್ಲ. ಹಲಗೆ ಕಿರ್ರ್ ಅಂದಿತು.

"ಔಲಿಸ್..." ಪಿಸುದನಿ. "ಹೊಟ್ಟೆ ತುಂಬಾ ನೋಯ್ತಿದೆ ಕಣೋ. ಆಸ್ಪತ್ರೆಗೆ ಹೋಗೋಣ್ವಾ?"

ಅವತ್ತೂ ಕೇಳಿದ್ದು ಇದೇ ಮಾತು. "ಮಗು ಥರ ಆಡ್ಬೇಡ, ಕೂತ್ಕೋ," ಅಂದಿದ್ದ ಔಲಿಸ್. ಹೆದರಿಕೆಗಿಂತ ನಾಚಿಕೆಯೇ ಅವನನ್ನು ಸುಟ್ಟಿತು. ಸಿರ್ಕಾಳ ಮನೆಗೆ ಓಡಿದ.

"ಅವನು ಕೇಳಿದ್ದ, ಸಿರ್ಕಾ. ನಾನೇ ಕರ್ಕೊಂಡು ಹೋಗ್ಲಿಲ್ಲ. ಲೈಸೆನ್ಸ್ ಹೋಗುತ್ತೆ ಅಂತ..."

ಅವಳು ಗೂಟದಿಂದ ಕೋಟು ತೆಗೆದಳು. "ಇಷ್ಟು ದಿನ ಅವನನ್ನ ಬೈಕೊಂಡು ಬದುಕಿದೀನಲ್ಲೋ, ಪಾಪಿ."

ಅದನ್ನು ಹಾಕಿಕೊಂಡು, ಎಸ್ಕೊನ ಗೋರಿಗೆಂದು ಮೇಣದಬತ್ತಿ ಹಿಡಿದು ಬಾಗಿಲು ತೆರೆದಳು. ಅಲ್ಲೇ ನಿಂತಳು.

ಹಿಮದಲ್ಲಿ ಔಲಿಸನ ಬೂಟಿನ ಗುರುತು. ಅದರ ಪಕ್ಕದಲ್ಲೇ, ಹೆಜ್ಜೆಗೆ ಹೆಜ್ಜೆ, ಬರಿಗಾಲಿನ ಗುರುತು... ಹೊಸ್ತಿಲವರೆಗೂ.

ಸಿರ್ಕಾ ಮೆಲ್ಲಗೆ ಬಾಗಿಲು ಮುಚ್ಚಿದಳು. "ಅವನು ಮನೆಗೆ ಬಂದಿದಾನೆ. ನೀನು ಹಿತ್ತಿಲ ಬಾಗಿಲಿಂದ ಹೋಗು," ಅಂದಳು. ಒಲೆಗೆ ಇನ್ನೆರಡು ಕೊರಡು ತುಂಬಿದಳು.

ಸುಳ್ಳಲ್ಲ. ಬೆಳಿಗ್ಗೆ ಸಿರ್ಕಾಳ ಬಾಗಿಲ ಬಳಿ ನಾನೇ ಹೋಗಿ ನೋಡಿದೆ. ಬರಿಗಾಲು ಒಳಗೆ ಹೋದ ಗುರುತಿತ್ತು. ಹೊರಗೆ ಬಂದದ್ದಿರಲಿಲ್ಲ.