ಬಣ್ಣ ಬದಲಿಸದ ಅಲಗು

“ಈ ಬೇಟೆ ಚಾಕು ಒಂದ್ಸಲ ಬೀಸಿದ್ದೇ ತಡ, ಜಿಂಕೆ ಚರ್ಮ ತಾನೇ ಕಳಚಿ, ಮಡಚ್ಕೊಂಡು ಕೂತ್ಬಿಡ್ತು!”

ಕೆಂಟಕಿಯ ಕ್ಷೌರದಂಗಡಿಯ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ಮುದುಕ ವರ್ಲಿನ್, ಗೆಳೆಯ ಹೋಬರ್ಟ್‌ನಿಗೆ ಫೋನು ತೋರಿಸುತ್ತ ಊರಿಗೆಲ್ಲ ಕೇಳುವಂತೆ ಹೇಳಿದ.

“ಹಂಗಾದ್ರೆ ಟೋಪಿನೂ ತಾನೇ ಹೊಲ್ಕೊಂಡಿರಬೇಕು, ಬಿಡಯ್ಯ! ನೀನು ಯಾವಾಗ್ಲೂ ಜೇಬಲ್ಲಿ ಇಟ್ಕೊಳ್ಳೋ ಚಾಕು ಎಲ್ಲಿ?”

“ಇಗೋ. ಬೆಳಿಗ್ಗೆ ಸೇಬು ಹೆಚ್ಚಿ ತೆಗೆದ ಫೋಟೋ. ದಿನಾ ಫೋನಲ್ಲಿ ನಮ್ಮ ಗೆಳೆಯರ ಗುಂಪಿಗೆ ಹಾಕ್ತೀನಲ್ಲ.”

“ಸೇಬು ಹೆಚ್ಚಿದಷ್ಟೂ ಹಳೇ ಉಕ್ಕು ಕಪ್ಪಾಗತ್ತೆ ಕಣೋ. ನಿನ್ನ ಅಲಗಿನ ಮೇಲೆ ಚಳಿಗಾಲದಿಂದ ಅದೇ ಒಂದು ಕಲೆ. ಎಲ್ಲಾ ಹಳೇ ಫೋಟೋ. ಚಾಕು ಎಲ್ಲಿ?”

ವರ್ಲಿನ್ ಫೋನನ್ನು ತೊಡೆಯ ಮೇಲೆ ಮಗುಚಿದ.

“ಮಗಳು ಹೊತ್ಕೊಂಡು ಹೋದ್ಲು. ಒಂದೂ ಬಿಡ್ಲಿಲ್ಲ. ಅವರಮ್ಮನ್ನ ಮಣ್ಣು ಮಾಡಿದ ವಾರಾನೇ.”

“ಯಾಕೆ?”

“ಅಪ್ಪ ಒಬ್ಬನೇ ಇರ್ತಾನೆ, ಕೈಗೆ ಚಾಕು ಸಿಗಬಾರ್ದು ಅಂತ.”

“ಅವಳಿಗೇನು ತಲೆ ಕೆಟ್ಟಿದೆಯಾ!”

“ಇಲ್ಲ ಕಣೋ,” ಎಂದ ವರ್ಲಿನ್, ಈಗ ಹೋಬರ್ಟ್‌ನಿಗೂ ಕಷ್ಟಪಟ್ಟು ಕೇಳುವಂತೆ. “ಅವಳು ಸರಿಯಾಗೇ ಊಹಿಸಿದ್ಲು.”

ಕ್ಷೌರಿಕ ಕತ್ತಿ ಮಸೆಯುತ್ತ ಮುಂದಿನವರನ್ನು ಕರೆದ. ಹೋಬರ್ಟ್ ಗೆಳೆಯನ ತೋಳನ್ನು ಬಿಗಿಯಾಗಿ ಹಿಡಿದು, ಬಾಗಿಲು ತೆಗೆದು ಹೊರಗೆ ಕರೆದುಕೊಂಡು ಹೋದ.